ಮಂಜೇಶ್ವರದ ಎಂಬತ್ತೊಂಬತ್ತು ಮತಗಳು

೧

ಕನ್ನಡದಲ್ಲಿ ‘ಮತ’ವೆಂಬ ಒಂದೇ ಶಬ್ದವು ಮೂರು ಅರ್ಥಗಳನ್ನು ಹೊತ್ತುಕೊಂಡಿದೆ. ಅಭಿಪ್ರಾಯವೆಂಬುದು ಒಂದು, ‘ನನ್ನ ಮತದಲ್ಲಿ’ ಎನ್ನುವಾಗ ಈಗಲೂ ಅದೇ ಅರ್ಥವಿದೆ. ಪಂಥ ಅಥವಾ ಧರ್ಮವೆಂಬುದು ಎರಡನೆಯದು. ಚುನಾವಣೆಗಳು ಬಂದ ಮೇಲೆ ಓಟು ಎಂಬ ಮೂರನೆಯ ಅರ್ಥವು ಇವೆರಡರ ಜೊತೆಗೆ ಸೇರಿತು. ಮಲೆಯಾಳದಲ್ಲಿ ‘ಮತಂ’ ಎಂದರೆ ಧರ್ಮವೆಂದೇ ರೂಢಿ. ಓಟಿಗೆ ಅವರು ‘ವೋಟ್ಟ್’ ಎಂದೇ ಹೇಳುವರು, ಮತ ಹಾಕುವ ಹಕ್ಕಿಗೆ ‘ಸಮ್ಮತಿದಾನಾವಕಾಶಂ’ ಎಂಬ ಸಮಾಸವನ್ನು ಬಳಸುವರು. ಈ ಎರಡು ಭಾಷೆಗಳೂ ಒಂದೇ ಬೀದಿಯಲ್ಲಿ ಕೇಳಿಬರುವ ಊರೊಂದರಲ್ಲಿ ಮತಗಳನ್ನು ಎಣಿಸುವಾಗ ಎಣಿಕೆಗೆ ಬರುವುದು ಯಾವ ಮತ, ಜನರ ಅಭಿಪ್ರಾಯವೇ ಅಥವಾ ಅವರ ಹುಟ್ಟೇ ಎಂಬ ಪ್ರಶ್ನೆಯು ಕೇವಲ ಶಬ್ದಚಮತ್ಕಾರವಲ್ಲ. ಕಾಸರಗೋಡು ಜಿಲ್ಲೆಯ ಮಂಜೇಶ್ವರದಲ್ಲಿ ೨೦೧೬ರಲ್ಲಿ ನಡೆದ ವಿಧಾನಸಭಾ ಚುನಾವಣೆಯು ಆ ಪ್ರಶ್ನೆಯನ್ನು ಬಹು ತೀಕ್ಷ್ಣವಾಗಿ ನಮ್ಮ ಮುಂದಿಟ್ಟಿತು. ಅದನ್ನು ಅದರ ಹಿನ್ನೆಲೆಯೊಡನೆ ವಿವರಿಸುವುದೇ ಈ ಲೇಖನದ ಉದ್ದೇಶ.

ಒಳನಾಡಿನ ಕನ್ನಡಿಗನಿಗೆ ಈ ವಿಷಯವು ಒಮ್ಮೆಗೇ ಮನಸ್ಸಿಗೆ ಹತ್ತುವುದು ಕಷ್ಟ. ಸೊರಬದ ಸೀಮೆಯ ಉಳವಿಯಂತಹ ಊರಿನಲ್ಲಿ ಮತಗಟ್ಟೆಗೆ ಹೋಗುವ ರೈತನು ಅಡಕೆಯ ಧಾರಣೆಯನ್ನು ಕುರಿತು ಯೋಚಿಸಬಹುದು, ಜಾತಿಯನ್ನು ಕುರಿತೂ ಯೋಚಿಸಬಹುದು. ತನ್ನ ಭಾಷೆಯನ್ನು ಕುರಿತು ಯೋಚಿಸುವ ಪ್ರಸಂಗವು ಅವನಿಗೆ ಬರುವುದಿಲ್ಲ. ಅವನು ಯಾರನ್ನು ಆರಿಸಿ ಕಳುಹಿದರೂ ಆ ಪ್ರತಿನಿಧಿಯು ಕುಳಿತುಕೊಳ್ಳುವ ಸಭೆಯ ಭಾಷೆ ಕನ್ನಡವೇ. ಮಂಜೇಶ್ವರದ ಮತದಾರನ ಸ್ಥಿತಿ ಹಾಗಲ್ಲ. ಅವನು ಆರಿಸಿದವನು ತಿರುವನಂತಪುರಕ್ಕೆ ಹೋಗಬೇಕು. ಅಲ್ಲಿಯ ಸಭೆಯು ಮಲೆಯಾಳದಲ್ಲಿ ನಡೆಯುತ್ತದೆ. ಕೇರಳದ ಕ್ಷೇತ್ರಗಳ ಪಟ್ಟಿಯಲ್ಲಿ ಮೊದಲನೆಯ ಸಂಖ್ಯೆಯನ್ನು ಪಡೆದಿರುವ ಈ ಕ್ಷೇತ್ರವು ರಾಜ್ಯದ ತೀರ ಉತ್ತರದ ತುದಿಯಲ್ಲಿದೆ. ಮಂಜೇಶ್ವರ, ವರ್ಕಾಡಿ, ಮೀಂಜ, ಪೈವಳಿಕೆ, ಮಂಗಲ್ಪಾಡಿ, ಕುಂಬಳೆ, ಪುತ್ತಿಗೆ, ಎಣ್ಮಕಜೆ ಎಂಬ ಎಂಟು ಪಂಚಾಯತಿಗಳು ಅದರಲ್ಲಿ ಸೇರಿವೆ.

೨೦೧೬ನೆಯ ಮೇ ೧೬ರಂದು ಇಲ್ಲಿ ಮತದಾನ ನಡೆದು, ೧೯ರಂದು ಎಣಿಕೆಯಾಯಿತು. ಮುಸ್ಲಿಂ ಲೀಗಿನ ಪಿ. ಬಿ. ಅಬ್ದುಲ್ ರಜಾಕ್ ಅವರಿಗೆ ೫೬,೮೭೦ ಮತಗಳೂ, ಭಾರತೀಯ ಜನತಾ ಪಕ್ಷದ ಕೆ. ಸುರೇಂದ್ರನ್ ಅವರಿಗೆ ೫೬,೭೮೧ ಮತಗಳೂ, ಮಾರ್ಕ್ಸ್‌ವಾದಿ ಕಮ್ಯುನಿಸ್ಟ್ ಪಕ್ಷದ ಸಿ. ಎಚ್. ಕುಞಂಬು ಅವರಿಗೆ ೪೨,೫೬೫ ಮತಗಳೂ ಬಂದವು. ಮೊದಲಿಬ್ಬರ ನಡುವಣ ಅಂತರವು ೮೯. ಈ ಮೂವರಿಗೆ ಬಂದ ಮತಗಳು ಒಟ್ಟು ೧,೫೬,೨೧೬. ಅಂದರೆ ಸುಮಾರು ೧,೭೫೫ ಜನರಲ್ಲಿ ಒಬ್ಬರಿಗೆ ಸಮನಾದ ಅಂತರವೆಂದಾಯಿತು. ಗೆದ್ದವರ ಕಡೆಯಿಂದ ೪೫ ಜನ ಎರಡನೆಯವರ ಕಡೆಗೆ ತಿರುಗಿದ್ದರೆ ಫಲಿತಾಂಶವೇ ತಿರುಗಿಬಿಡುತ್ತಿತ್ತು. ನಮ್ಮ ರಾಜ್ಯದಲ್ಲಿ ಇದಕ್ಕಿಂತಲೂ ಸಣ್ಣ ಅಂತರವನ್ನು ಕಂಡದ್ದುಂಟು: ೨೦೦೪ರಲ್ಲಿ ಸಂತೇಮರಹಳ್ಳಿಯಲ್ಲಿ ಆರ್. ಧ್ರುವನಾರಾಯಣ ಅವರು ಎ. ಆರ್. ಕೃಷ್ಣಮೂರ್ತಿ ಅವರನ್ನು ಒಂದೇ ಒಂದು ಮತದಿಂದ ಸೋಲಿಸಿದರು. ಆದರೆ ಅಲ್ಲಿ ಮತದಾರನು ಯಾರು, ಯಾವ ನಾಡಿನವನು, ಯಾವ ಭಾಷೆಯವನು ಎಂಬ ವಿವಾದವಿರಲಿಲ್ಲ. ಮಂಜೇಶ್ವರದಲ್ಲಿ ಅದೇ ಮುಖ್ಯವಾಯಿತು.

೨

ಮೊದಲು ಶಬ್ದಗಳನ್ನು ಸ್ಪಷ್ಟಪಡಿಸಿಕೊಳ್ಳೋಣ. ಪಾಶ್ಚಾತ್ಯ ದೇಶಗಳಲ್ಲಿ ಚುನಾವಣೆಯ ಕಲಹಗಳು ಅನೇಕವೇಳೆ ಮನುಷ್ಯನ ಮೈಬಣ್ಣವನ್ನು, ಮೂಲವಂಶವನ್ನು ಅವಲಂಬಿಸಿ ನಡೆದಿವೆ. ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ೧೮೭೦ರ ಹದಿನೈದನೆಯ ತಿದ್ದುಪಡಿಯು ವರ್ಣದ ಕಾರಣದಿಂದ ಯಾರ ಮತಾಧಿಕಾರವನ್ನೂ ಕಸಿಯಕೂಡದೆಂದು ವಿಧಿಸಿತು. ಅದು ಆಚರಣೆಗೆ ಬರಲು ೧೯೬೫ರ ಮತಾಧಿಕಾರ ಕಾಯಿದೆಯವರೆಗೆ ಕಾಯಬೇಕಾಯಿತು. ಆ ಕಾಯಿದೆಗೆ ೧೯೭೫ರಲ್ಲಿ ಮಾಡಿದ ತಿದ್ದುಪಡಿಯು ನಮ್ಮ ಗಮನಕ್ಕೆ ಯೋಗ್ಯವಾಗಿದೆ. ವರ್ಣಭೇದಕ್ಕಾಗಿ ರಚಿತವಾದ ರಕ್ಷಣೆಯನ್ನು ಅದು ಭಾಷೆಯ ಅಲ್ಪಸಂಖ್ಯಾತರಿಗೂ ವಿಸ್ತರಿಸಿ, ನಿರ್ದಿಷ್ಟ ಪ್ರದೇಶಗಳಲ್ಲಿ ಮತಪತ್ರಗಳನ್ನು ಅವರವರ ಭಾಷೆಯಲ್ಲಿಯೂ ಒದಗಿಸಬೇಕೆಂದು ವಿಧಿಸಿತು. ಅರ್ಥವಾಗದ ಭಾಷೆಯ ಮತಪತ್ರವು ಮೈಬಣ್ಣವನ್ನು ನೋಡಿ ಮುಚ್ಚಿದ ಬಾಗಿಲಿನಂತೆಯೇ ಮನುಷ್ಯನನ್ನು ಹೊರಗಿಡಬಲ್ಲದೆಂಬುದನ್ನು ಆ ದೇಶವು ತನ್ನ ಅನುಭವದಿಂದ ಒಪ್ಪಿಕೊಂಡಂತಾಯಿತು.

ನಮ್ಮ ಕಾನೂನು ಈ ಸಂಬಂಧವನ್ನು ಮೊದಲಿನಿಂದಲೂ ಗ್ರಹಿಸಿದೆ. ೧೯೫೧ರ ಪ್ರಜಾಪ್ರತಿನಿಧಿತ್ವ ಕಾಯಿದೆಯ ೧೨೩ನೆಯ ಪ್ರಕರಣದ ಮೂರನೆಯ ಉಪಪ್ರಕರಣವು ಧರ್ಮ, ಮೂಲವಂಶ, ಜಾತಿ, ಸಮುದಾಯ, ಭಾಷೆ ಎಂಬ ಐದನ್ನೂ ಒಂದೇ ಸಾಲಿನಲ್ಲಿಟ್ಟು, ಇವುಗಳ ಆಧಾರದ ಮೇಲೆ ಮತವನ್ನು ಕೇಳುವುದು ಭ್ರಷ್ಟಾಚಾರವೆಂದು ಹೇಳುತ್ತದೆ. ಕಾನೂನಿನಲ್ಲಿ ಐದೂ ಒಂದೇ ಸಾಲಿನಲ್ಲಿರುವುದರಿಂದ ಐದೂ ಒಂದೇ ಬಗೆಯ ವಸ್ತುಗಳೆಂದು ತಿಳಿಯಬಾರದು. ಮೂಲವಂಶವನ್ನು ಯಾರೂ ಆರಿಸಿಕೊಳ್ಳಲಾರರು. ಜಾತಿಯೂ ಹುಟ್ಟಿನಿಂದಲೇ ಬರುತ್ತದೆ. ಭಾಷೆಯಾದರೋ ಮನೆಯಲ್ಲಿ ಒಂದು, ಪಾಠಶಾಲೆಯಲ್ಲಿ ಒಂದು, ಸಾಹಿತ್ಯದಲ್ಲಿ ಮತ್ತೊಂದು ಆಗಬಹುದು. ಅದನ್ನು ಕಲಿಯಬಹುದು, ಒಲಿಯಬಹುದು. ಈ ಭೇದವೇ ಮಂಜೇಶ್ವರದ ಚರಿತ್ರೆಯ ತಿರುಳೆಂದು ನಮಗೆ ತೋರುತ್ತದೆ.

ಆ ಸೀಮೆಯ ಜನವನ್ನು ನೋಡಿದರೆ ಇದು ಸ್ಪಷ್ಟವಾಗುವುದು. ಅಲ್ಲಿ ಬಂಟರೂ ಬಿಲ್ಲವರೂ ಮೊಗೇರರೂ ಕೊರಗರೂ ತುಳುವನ್ನಾಡುತ್ತಾರೆ. ಹವ್ಯಕರ ಮನೆಮಾತು ಕನ್ನಡದ ಒಂದು ಹಳೆಯ ಪ್ರಭೇದ. ಗೌಡ ಸಾರಸ್ವತರೂ ರೋಮನ್ ಕೆಥೊಲಿಕರೂ ಕೊಂಕಣಿಯನ್ನಾಡುತ್ತಾರೆ. ಮುಸ್ಲಿಮರಲ್ಲಿ ಬ್ಯಾರಿ ಭಾಷೆಯವರೂ ಮಲೆಯಾಳದವರೂ ಇದ್ದಾರೆ. ಉಪ್ಪಳದ ಹನಫಿಗಳ ಮನೆಮಾತು ಉರ್ದು. ಮಲೆಯಾಳವನ್ನಾಡುವ ತೀಯರೂ ಇದ್ದಾರೆ, ಮರಾಠಿಯನ್ನಾಡುವವರೂ ಇದ್ದಾರೆ. ಸಪ್ತಭಾಷೆಗಳ ಸಂಗಮವೆಂದು ಕಾಸರಗೋಡನ್ನು ಕರೆಯುವುದು ಇದರಿಂದಲೇ. ಇಲ್ಲಿ ಧರ್ಮದ ಗೆರೆಯೊಂದನ್ನು ಎಳೆದು, ಭಾಷೆಯ ಗೆರೆಯೊಂದನ್ನು ಎಳೆದರೆ, ಅವೆರಡೂ ಒಂದರ ಮೇಲೊಂದು ಕೂಡದೆ ಅಡ್ಡಡ್ಡವಾಗಿ ಹಾಯುತ್ತವೆ.

ಈ ಸೀಮೆಯಲ್ಲಿ ‘ಕನ್ನಡಿಗ’ನೆಂಬ ಮಾತಿಗೆ ವಂಶವನ್ನು ಸೂಚಿಸುವ ಅರ್ಥವು ಎಂದೂ ಇರಲಿಲ್ಲ. ಮಂಜೇಶ್ವರದಲ್ಲಿ ಬಾಳಿ, ೧೯೪೯ರಲ್ಲಿ ಮದರಾಸು ಸರಕಾರದಿಂದ ರಾಷ್ಟ್ರಕವಿಯೆಂಬ ಗೌರವವನ್ನು ಪಡೆದ ಗೋವಿಂದ ಪೈಗಳ ಮನೆಮಾತು ಕೊಂಕಣಿ. ಕಾಸರಗೋಡು ಕರ್ನಾಟಕಕ್ಕೆ ಸೇರಬೇಕೆಂದು ಬಾಳಿನುದ್ದಕ್ಕೂ ಹೋರಾಡಿ, ೨೦೧೫ರಲ್ಲಿ ನೂರು ವರ್ಷ ತುಂಬಿ ತೀರಿಕೊಂಡ ಕಯ್ಯಾರ ಕಿಞ್ಞಣ್ಣ ರೈಗಳ ಮನೆಮಾತು ತುಳು. ಇವರಿಬ್ಬರಿಗೂ ಕನ್ನಡವು ಕಲಿತು ಒಲಿದ ಭಾಷೆಯಾಗಿತ್ತು. ಗಡಿಯ ಕನ್ನಡವನ್ನು ಬೆಳೆಸಿದವರಲ್ಲಿ ಅನೇಕರು ಹೀಗೆ ಹೊರಗಿನಿಂದ ಅದನ್ನು ಸೇರಿದವರೇ.

೩

ಈಗ ಚರಿತ್ರೆಯನ್ನು ನೋಡೋಣ. ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದ ಕಾಸರಗೋಡು ತಾಲ್ಲೂಕನ್ನು ರಾಜ್ಯಪುನರ್ವಿಂಗಡಣೆಯ ಆಯೋಗವು ೧೯೫೫ರ ವರದಿಯಲ್ಲಿ ಇಡಿಯಾಗಿ ಕೇರಳಕ್ಕೆ ಸೇರಿಸಬೇಕೆಂದು ಹೇಳಿತು. ಫಜಲ್ ಅಲಿ, ಹೃದಯನಾಥ ಕುಂಜ್ರು, ಕೆ. ಎಂ. ಪಣಿಕ್ಕರ್ ಎಂಬ ಮೂವರ ಆಯೋಗವದು. ೧೯೫೬ನೆಯ ನವೆಂಬರ್ ೧ರಂದು ಕನ್ನಡ ನಾಡು ಒಂದಾಯಿತೆಂದು ಉಳಿದೆಡೆ ಹಬ್ಬವಾದ ದಿನವೇ ಕಾಸರಗೋಡು ಕೇರಳಕ್ಕೆ ಸೇರಿತು.

ನಾಲ್ಕು ತಿಂಗಳೊಳಗಾಗಿ ಬಂದ ಕೇರಳದ ಮೊದಲ ಚುನಾವಣೆಯಲ್ಲಿ ಮಂಜೇಶ್ವರವು ಕೊಟ್ಟ ಉತ್ತರವು ಅಪೂರ್ವವಾದುದು. ೧೯೫೭ರಲ್ಲಿ ಇಲ್ಲಿಂದ ಎಂ. ಉಮೇಶ ರಾವ್ ಅವರು ಸ್ವತಂತ್ರ ಅಭ್ಯರ್ಥಿಯಾಗಿ ನಿಂತು, ಎದುರಾಳಿಯೇ ಇಲ್ಲದೆ ಆಯ್ಕೆಯಾದರು. ಅನಂತರ ಕಳ್ಳಿಗೆ ಮಹಾಬಲ ಭಂಡಾರಿಗಳು ೧೯೬೦ರಲ್ಲಿಯೂ ೧೯೬೫ರಲ್ಲಿಯೂ ೧೯೬೭ರಲ್ಲಿಯೂ ಗೆದ್ದರು. ೧೯೬೫ರಲ್ಲಿ ಆಯ್ಕೆಯಾದ ಸಭೆಯು ಸೇರಲೇ ಇಲ್ಲವಾದರೂ ಮತದಾರರ ನಿಲುವೇನೆಂಬುದು ಅದರಿಂದ ಮರೆಯಾಗಲಿಲ್ಲ. ಮದರಾಸು ಸರಕಾರದಲ್ಲಿ ಮಂತ್ರಿಗಳಾಗಿದ್ದ ಕೆ. ಆರ್. ಕಾರಂತರು ಮುಂದಾಳಾಗಿದ್ದ ವಿಲೀನೀಕರಣದ ಚಳವಳಿಯೂ ಕರ್ನಾಟಕ ಸಮಿತಿಯೂ ಈ ದಶಕದಲ್ಲಿ ಇಲ್ಲಿಯ ರಾಜಕಾರಣವನ್ನು ನಡೆಸಿದವು. ಏಳು ಬಗೆಯ ಮನೆಮಾತುಗಳೂ ಮೂರು ಧರ್ಮಗಳೂ ಇರುವ ಕ್ಷೇತ್ರದಲ್ಲಿ ಒಬ್ಬ ಅಭ್ಯರ್ಥಿಗೆ ಎದುರಾಳಿಯೇ ಇಲ್ಲದೆ ಹೋಗಬೇಕಾದರೆ ಆಗ ಜನರನ್ನು ಕೂಡಿಸಿದ ವಿಷಯವು ಹುಟ್ಟಾಗಿರಲು ಸಾಧ್ಯವಿಲ್ಲ. ತಾವು ಯಾವ ರಾಜ್ಯದಲ್ಲಿರಬೇಕೆಂಬ ಅಭಿಪ್ರಾಯವೇ ಅದು. ‘ಮತ’ ಶಬ್ದದ ಮೊದಲನೆಯ ಅರ್ಥವು ಇಲ್ಲಿ ಪೂರ್ಣವಾಗಿ ಸಲ್ಲುತ್ತದೆ.

ಈ ಅಭಿಪ್ರಾಯಕ್ಕೆ ಸರಕಾರದ ಕಡೆಯಿಂದಲೂ ಒಮ್ಮೆ ಬೆಂಬಲ ದೊರೆಯಿತು. ೧೯೬೬ರಲ್ಲಿ ನೇಮಕವಾದ ಮೆಹರ್ ಚಂದ್ ಮಹಾಜನರ ಆಯೋಗವು ೧೯೬೭ರಲ್ಲಿ ವರದಿಯನ್ನೊಪ್ಪಿಸಿ, ಚಂದ್ರಗಿರಿ ನದಿಯ ಉತ್ತರದ ಭಾಗವು ಮೈಸೂರು ರಾಜ್ಯಕ್ಕೆ ಸೇರಬೇಕೆಂದು ಹೇಳಿತು. ಆ ವರದಿಯು ಆಚರಣೆಗೆ ಬರಲಿಲ್ಲ. ಫಲವು ಕೈಗೆ ಸಿಕ್ಕದ ಅಭಿಪ್ರಾಯವನ್ನು ಜನರು ಎಷ್ಟು ಚುನಾವಣೆಗಳವರೆಗೆ ಹೊತ್ತು ತಿರುಗಿಯಾರು? ೧೯೭೦ರ ಜನವರಿ ೧ರಿಂದ ಕೇರಳದ ಭೂಸುಧಾರಣೆಯ ತಿದ್ದುಪಡಿ ಆಚರಣೆಗೆ ಬಂದಿತು. ಗೇಣಿದಾರನಿಗೆ ಭೂಮಿಯ ಒಡೆತನವು ದೊರೆಯುವ ಕಾಲವದು. ಅದೇ ವರ್ಷದ ಚುನಾವಣೆಯಲ್ಲಿ ಮಂಜೇಶ್ವರದಿಂದ ಕಮ್ಯುನಿಸ್ಟ್ ಪಕ್ಷದ ಎಂ. ರಾಮಪ್ಪ ಅವರು ಗೆದ್ದರು. ೧೯೭೭ರಲ್ಲಿ ಅವರೇ ಮತ್ತೆ ಬಂದರು. ೧೯೮೦ರಲ್ಲಿಯೂ ೧೯೮೨ರಲ್ಲಿಯೂ ಅದೇ ಪಕ್ಷದ ಡಾ. ಎ. ಸುಬ್ಬರಾವ್ ಅವರು ಗೆದ್ದರು. ಗೆದ್ದವರಿಬ್ಬರೂ ಆ ಸೀಮೆಯ ಕನ್ನಡ ಬಲ್ಲವರೇ. ಆದರೆ ಗೆಲುವನ್ನು ತಂದ ವಿಷಯವು ಭಾಷೆಯಿಂದ ನೆಲಕ್ಕೆ ಸರಿದಿತ್ತೆಂದು ಊಹಿಸಬಹುದು. ಇದೂ ಅಭಿಪ್ರಾಯದ ರಾಜಕಾರಣವೇ. ಗೇಣಿದಾರನು ಯಾವ ಭಾಷೆಯವನಾದರೂ ಗೇಣಿಯ ಕಷ್ಟವು ಒಂದೇ.

೪

೧೯೮೭ರಿಂದ ಮೂರನೆಯ ಘಟ್ಟವು ಮೊದಲಾಗುತ್ತದೆ. ಆ ವರ್ಷದಿಂದ ೨೦೦೧ರವರೆಗಿನ ನಾಲ್ಕು ಚುನಾವಣೆಗಳಲ್ಲಿಯೂ ಮುಸ್ಲಿಂ ಲೀಗಿನ ಚೆರ್ಕಳಂ ಅಬ್ದುಲ್ಲ ಅವರು ಗೆದ್ದರು. ೧೯೯೧ರಲ್ಲಿ ಅವರಿಗೂ ಭಾರತೀಯ ಜನತಾ ಪಕ್ಷದ ಕೆ. ಜಿ. ಮಾರಾರ್ ಅವರಿಗೂ ಇದ್ದ ಅಂತರವು ೧,೦೭೨ ಮಾತ್ರ. ಒಂದು ಕಡೆ ಲೀಗ್, ಮತ್ತೊಂದು ಕಡೆ ಜನತಾ ಪಕ್ಷ ಎಂಬ ಇದಿರುಗಟ್ಟು ಬಲವಾದಂತೆಲ್ಲ ಕ್ಷೇತ್ರವನ್ನು ಕುರಿತ ವಾರ್ತೆಗಳಲ್ಲಿ ‘ಇಂಥ ಸಮುದಾಯದವರು ಇಷ್ಟು’ ಎಂಬ ಲೆಕ್ಕವೇ ಮೊದಲನೆಯ ಸಾಲಾಯಿತು. ‘ಮತ’ ಶಬ್ದದ ಎರಡನೆಯ ಅರ್ಥವು ಮೂರನೆಯದನ್ನು ನುಂಗುವ ಹಂತ ಇದು.

ಆದರೆ ಈ ಲೆಕ್ಕವು ನಂಬತಕ್ಕದ್ದೆ? ಎರಡು ಸಂಗತಿಗಳು ಅದಕ್ಕೆ ವಿರುದ್ಧವಾಗಿವೆ. ೨೦೦೬ರಲ್ಲಿ ಮಾರ್ಕ್ಸ್‌ವಾದಿ ಪಕ್ಷದ ಕುಞಂಬು ಅವರು ಗೆದ್ದು, ಜನತಾ ಪಕ್ಷದ ನಾರಾಯಣ ಭಟ್ಟರು ಎರಡನೆಯವರಾದರು. ಹುಟ್ಟಿನ ಗಣಿತದಿಂದ ಈ ಫಲವನ್ನು ಹೊಂದಿಸುವುದು ಸುಲಭವಲ್ಲ. ಎರಡನೆಯದಾಗಿ, ೨೦೧೬ರಲ್ಲಿ ಮೂರನೆಯವರಾದ ಕುಞಂಬು ಅವರಿಗೆ ಬಂದ ೪೨,೫೬೫ ಮತಗಳು ಮೂವರ ಮೊತ್ತದಲ್ಲಿ ಕಾಲುಭಾಗಕ್ಕಿಂತ ಹೆಚ್ಚು. ಕೇವಲ ೮೯ರಿಂದ ತೀರ್ಮಾನವಾದ ಚುನಾವಣೆಯಲ್ಲಿ, ಎರಡು ಬಣಗಳಲ್ಲಿ ಯಾವುದಕ್ಕೂ ಸೇರದೆ ನಿಂತವರು ನಾಲ್ವತ್ತೆರಡು ಸಾವಿರಕ್ಕಿಂತ ಹೆಚ್ಚು ಜನ. ಅವರನ್ನು ಮರೆತು ಇದನ್ನು ಎರಡು ಸಮುದಾಯಗಳ ಯುದ್ಧವೆಂದು ಬಣ್ಣಿಸುವುದು ಲೆಕ್ಕಕ್ಕೂ ಸತ್ಯಕ್ಕೂ ಸಲ್ಲದು.

೨೦೧೧ರ ಅಂಕಿಗಳೊಡನೆ ಹೋಲಿಸಿದರೆ ಇನ್ನೂ ಕೆಲವು ವಿಷಯಗಳು ತಿಳಿದುಬರುತ್ತವೆ. ಆಗಲೂ ಅಭ್ಯರ್ಥಿಗಳು ಈ ಮೂವರೇ. ರಜಾಕ್ ಅವರಿಗೆ ೪೯,೮೧೭, ಸುರೇಂದ್ರನ್ ಅವರಿಗೆ ೪೩,೯೮೯, ಕುಞಂಬು ಅವರಿಗೆ ೩೫,೦೬೭, ಅಂತರವು ೫,೮೨೮. ಐದು ವರ್ಷಗಳಲ್ಲಿ ಮೊದಲನೆಯವರಿಗೆ ೭,೦೫೩, ಮೂರನೆಯವರಿಗೆ ೭,೪೯೮ ಮತಗಳು ಹೆಚ್ಚಿದರೆ, ಸುರೇಂದ್ರನ್ ಅವರಿಗೆ ೧೨,೭೯೨ ಹೆಚ್ಚಿದವು. ಇನ್ನೊಂದು ವಿಶೇಷವಿದೆ. ತುಳು ಮತ್ತು ಕನ್ನಡವನ್ನಾಡುವ ಹಿಂದುಗಳಲ್ಲಿ ಬಲವುಳ್ಳದ್ದೆಂದು ಹೆಸರಾದ ಪಕ್ಷದ ಅಭ್ಯರ್ಥಿಯಾಗಿದ್ದ ಸುರೇಂದ್ರನ್ ಅವರು ಕೋಯಿಕ್ಕೋಡು ಜಿಲ್ಲೆಯ ಉಳ್ಳಿಯೇರಿಯವರು, ಮಲೆಯಾಳದವರು. ೧೯೫೭ರಲ್ಲಿ ಜನರನ್ನು ಕೂಡಿಸಿದ ಭಾಷೆಯ ಗೆರೆಯು ೨೦೧೬ರ ಹೊತ್ತಿಗೆ ಎಷ್ಟು ಮಸುಕಾಗಿತ್ತೆಂಬುದನ್ನು ಇದರಿಂದ ಅಳೆಯಬಹುದು.

೫

ಎಣಿಕೆಯ ಬಳಿಕ ಸುರೇಂದ್ರನ್ ಅವರು ಕೇರಳದ ಉಚ್ಚ ನ್ಯಾಯಾಲಯದಲ್ಲಿ ಚುನಾವಣಾ ತಕರಾರು ಅರ್ಜಿಯನ್ನು ಹಾಕಿದರು. ಆ ದಿನ ವಿದೇಶದಲ್ಲಿದ್ದವರ ಹೆಸರಿನಲ್ಲಿಯೂ ತೀರಿಕೊಂಡವರ ಹೆಸರಿನಲ್ಲಿಯೂ ಬೇರೆಯವರು ಮತ ಹಾಕಿದ್ದಾರೆಂಬುದು ಅವರ ವಾದ. ಹಾಗೆ ಅವರು ಎತ್ತಿ ತೋರಿಸಿದ ಹೆಸರುಗಳು ೨೫೯. ಸಂಖ್ಯೆಯನ್ನು ಮಾತ್ರ ನೋಡಿದರೆ ೨೫೯ ಎಂಬುದು ೮೯ಕ್ಕಿಂತ ಬಹಳ ದೊಡ್ಡದು. ಆದರೆ ಕಾನೂನು ಅಷ್ಟರಿಂದ ತೃಪ್ತವಾಗುವುದಿಲ್ಲ. ಮತವು ಅಕ್ರಮವೆಂದು ಸಿದ್ಧವಾದರೆ ಸಾಲದು. ಆ ಅಕ್ರಮದಿಂದ ಫಲಿತಾಂಶವೇ ಬಾಧಿತವಾಯಿತೆಂಬುದನ್ನೂ ಅರ್ಜಿದಾರನೇ ಸಿದ್ಧಪಡಿಸಬೇಕೆಂದು ಸರ್ವೋಚ್ಚ ನ್ಯಾಯಾಲಯವು ವಶಿಷ್ಠ ನಾರಾಯಣ ಶರ್ಮರ ಮೊಕದ್ದಮೆಯಲ್ಲಿ ೧೯೫೪ರಷ್ಟು ಹಿಂದೆಯೇ ಹೇಳಿತ್ತು. ೨೫೯ ಮತಗಳೂ ಅಕ್ರಮವಾಗಿದ್ದು, ಅವು ಮೊದಲಿಬ್ಬರ ನಡುವೆಯೇ ಹಂಚಿಹೋಗಿದ್ದವೆಂದು ಇಟ್ಟುಕೊಂಡರೂ, ಅವುಗಳಲ್ಲಿ ಕಡಿಮೆಯೆಂದರೆ ೧೭೫ ಗೆದ್ದವರಿಗೆ ಬಿದ್ದಿದ್ದರೆ ಮಾತ್ರ ಫಲವು ತಿರುಗುವುದು. ಯಾವ ಮತವು ಯಾರಿಗೆ ಬಿದ್ದಿತೆಂಬುದು ಗೋಪ್ಯವಾಗಿರಬೇಕೆಂಬುದೇ ಚುನಾವಣೆಯ ಮೂಲಸೂತ್ರ. ಇಷ್ಟು ಸಣ್ಣ ಅಂತರದ ವಿವಾದವು ಹೊರಗಿನಿಂದ ಸುಲಭವಾಗಿ ಕಂಡು, ಒಳಹೊಕ್ಕರೆ ಕಠಿಣವಾಗುವುದು ಇದರಿಂದ.

ವಿಚಾರಣೆಯು ನಡೆಯುತ್ತಿರಲು, ತೀರಿಕೊಂಡವರೆಂದು ಅರ್ಜಿಯಲ್ಲಿ ಹೇಳಿದ್ದವರಲ್ಲಿ ಕೆಲವರು ೨೦೧೭ರಲ್ಲಿ ನ್ಯಾಯಾಲಯದ ಸಮನ್ಸನ್ನು ತಾವೇ ಕೈಯಾರೆ ತೆಗೆದುಕೊಂಡರೆಂಬ ವಾರ್ತೆ ಬಂದಿತು. ಇದು ನಗೆಗೆ ಆಸ್ಪದವಾದುದು ಸಹಜ. ಆದರೆ ಅದರಲ್ಲಿರುವ ನೋವನ್ನು ಕಾಣಬೇಕು. ಹೊಟ್ಟೆಪಾಡಿಗಾಗಿ ಕೊಲ್ಲಿಯ ನಾಡುಗಳಿಗೆ ಹೋಗುವುದು ಆ ಕರಾವಳಿಯ ಮನೆಮನೆಯ ಸಂಗತಿ. ಮತದಾನದ ದಿನ ಊರಿನಲ್ಲಿದ್ದೆನೆ, ಇಲ್ಲವೆ, ಬದುಕಿದ್ದೇನೆಯೆ, ಇಲ್ಲವೆ ಎಂಬುದನ್ನು ನ್ಯಾಯಾಲಯದ ಮುಂದೆ ತೋರಿಸಿಕೊಳ್ಳಬೇಕಾದ ಮನುಷ್ಯನು ತನ್ನ ಪೌರತ್ವದ ಮೇಲೆಯೇ ಸಂದೇಹ ಬಿದ್ದಿತೆಂದು ಭಾವಿಸಿದರೆ ತಪ್ಪೆನ್ನಲಾಗದು. ಮತ್ತೊಂದು ಕಡೆಯಲ್ಲಿ, ಪಟ್ಟಿಯು ಶುದ್ಧವಾಗಿರಬೇಕೆಂದು ನ್ಯಾಯಾಲಯದ ಬಾಗಿಲು ತಟ್ಟುವುದು ಸೋತ ಅಭ್ಯರ್ಥಿಯ ಹಕ್ಕು. ೮೯ರ ಅಂತರದಲ್ಲಿ ಸೋತವರು ಯಾರಾದರೂ ಹಾಗೆಯೇ ಮಾಡುತ್ತಿದ್ದರು. ಎರಡೂ ನ್ಯಾಯವಾದುವೇ. ಇವುಗಳನ್ನು ತೂಗಿ ನೋಡಿ ತೀರ್ಪನ್ನು ಕೊಡಬೇಕಾದುದು ನ್ಯಾಯಾಲಯ.

ಆ ತೀರ್ಪು ಬರಲೇ ಇಲ್ಲ. ಇಂತಹ ಅರ್ಜಿಗಳನ್ನು ಆರು ತಿಂಗಳೊಳಗಾಗಿ ಮುಗಿಸಲು ಪ್ರಯತ್ನಿಸಬೇಕೆಂದು ಕಾಯಿದೆಯು ಹೇಳುತ್ತದೆ. ಇದು ಮೂರು ವರ್ಷಗಳನ್ನು ಮುಟ್ಟಿತು. ೨೦೧೮ನೆಯ ಅಕ್ಟೋಬರ್ ೨೦ರಂದು ರಜಾಕ್ ಅವರು ತೀರಿಕೊಂಡರು. ಅರ್ಜಿಯು ಇತ್ಯರ್ಥವಾಗದಿದ್ದುದರಿಂದ ಉಪಚುನಾವಣೆಯೂ ನಡೆಯಲಿಲ್ಲ. ಅನೇಕ ಸಾಕ್ಷಿಗಳ ವಿಚಾರಣೆಯು ಇನ್ನೂ ಉಳಿದಿರುವಾಗ, ೨೦೧೯ರಲ್ಲಿ, ಸುರೇಂದ್ರನ್ ಅವರು ಅರ್ಜಿಯನ್ನು ಹಿಂದಕ್ಕೆ ಪಡೆದರು. ಆದುದರಿಂದ ಆ ೮೯ ಮತಗಳನ್ನು ಕುರಿತು ಅಕ್ರಮವಿತ್ತೆಂದಾಗಲಿ ಇರಲಿಲ್ಲವೆಂದಾಗಲಿ ನಿರ್ಣಯವಾಗಿ ಹೇಳುವ ಅಧಿಕಾರವು ಯಾರಿಗೂ ಇಲ್ಲ. ನಿಶ್ಚಯವಾದುದು ಇಷ್ಟೇ: ಮಂಜೇಶ್ವರಕ್ಕೆ ಒಂದು ವರ್ಷಕಾಲ ಪ್ರತಿನಿಧಿಯೇ ಇರಲಿಲ್ಲ. ಹತ್ತನೆಯ ತರಗತಿಯವರೆಗೆ ಮಲೆಯಾಳವನ್ನು ಕಡ್ಡಾಯಗೊಳಿಸುವ ಕಾಯಿದೆಯು ಕೇರಳದಲ್ಲಿ ಬಂದದ್ದು ೨೦೧೭ರಲ್ಲಿ. ಕಾಸರಗೋಡಿನ ಕನ್ನಡಿಗರು ಅದನ್ನು ಪ್ರತಿಭಟಿಸಿದರು. ಆಗ ಮಂಜೇಶ್ವರದ ಸದಸ್ಯರ ಸ್ಥಾನವು ವಿವಾದದಲ್ಲಿತ್ತು, ಆಮೇಲೆ ಅದು ಬರಿದಾಯಿತು. ಪ್ರತಿನಿಧಿಯ ಅಗತ್ಯವು ಯಾವ ಕಾಲದಲ್ಲಿ ಹೆಚ್ಚಾಗಿತ್ತೋ ಆ ಕಾಲವೇ ಈ ಕಲಹಕ್ಕೆ ಬಲಿಯಾಯಿತು.

೬

ಈ ಸಂದರ್ಭದಲ್ಲಿ ಸಹಜವಾಗಿ ಏಳುವ ಪ್ರಶ್ನೆಯೊಂದುಂಟು. ಭಾಷೆಯ ಹೆಸರಿನಲ್ಲಿ ಮತ ಕೇಳುವುದು ಭ್ರಷ್ಟಾಚಾರವಾದರೆ, ೧೯೫೭ರಿಂದ ೧೯೬೭ರವರೆಗೆ ಮಂಜೇಶ್ವರದಲ್ಲಿ ನಡೆದುದನ್ನು ಏನೆಂದು ಕರೆಯಬೇಕು? ಇದಕ್ಕೆ ಉತ್ತರವು ೧೯೬೪ರಲ್ಲಿ ಸರ್ವೋಚ್ಚ ನ್ಯಾಯಾಲಯದಿಂದ ದೊರೆತಿದೆ. ಪಂಜಾಬಿನ ಹಿಂದಿ ಚಳವಳಿಯ ಹಿನ್ನೆಲೆಯಲ್ಲಿ ಲೋಕಸಭೆಗೆ ಆಯ್ಕೆಯಾಗಿದ್ದ ಜಗದೇವ ಸಿಂಹ ಸಿದ್ಧಾಂತಿಯವರ ಮೊಕದ್ದಮೆಯಲ್ಲಿ, ತಮ್ಮ ಭಾಷೆಯನ್ನು ಉಳಿಸಿಕೊಳ್ಳುವ ಹಕ್ಕನ್ನು ಸಂವಿಧಾನದ ೨೯ನೆಯ ವಿಧಿಯೇ ಪೌರರಿಗೆ ಕೊಟ್ಟಿರುವುದರಿಂದ, ಆ ಉದ್ದೇಶಕ್ಕಾಗಿ ಚಳವಳಿ ಮಾಡುವುದೂ ಅದಕ್ಕಾಗಿ ದುಡಿಯುವೆನೆಂದು ಮತದಾರರಿಗೆ ಮಾತು ಕೊಡುವುದೂ ಭ್ರಷ್ಟಾಚಾರವಲ್ಲವೆಂದು ನ್ಯಾಯಾಲಯವು ನಿ‍ರ್ಣಯಿಸಿತು. ‘ನಾನು ಈ ಭಾಷೆಯವನು, ಆದುದರಿಂದ ನನಗೆ ಮತ ಕೊಡಿ’ ಎನ್ನುವುದು ಒಂದು ಮಾತು. ‘ಈ ಭಾಷೆಯ ಪಾಠಶಾಲೆಗಳು ಉಳಿಯಬೇಕು, ಅದಕ್ಕಾಗಿ ಮತ ಕೊಡಿ’ ಎನ್ನುವುದು ಬೇರೊಂದು ಮಾತು. ಮೊದಲನೆಯದು ಹುಟ್ಟನ್ನು ಕೇಳುತ್ತದೆ, ಎರಡನೆಯದು ಅಭಿಪ್ರಾಯವನ್ನು ಕೇಳುತ್ತದೆ.

ಇದೇ ಉಪಪ್ರಕರಣದಲ್ಲಿ ವ್ಯಾಕರಣದ ಪ್ರಶ್ನೆಯೊಂದು ನ್ಯಾಯಾಲಯವನ್ನು ಬಹಳ ಕಾಲ ಕಾಡಿತು. ಸಾಹಿತ್ಯವನ್ನು ಬೋಧಿಸುವವರಿಗೆ ಅದು ರುಚಿಸಬಹುದು. ೧೯೬೧ರ ತಿದ್ದುಪಡಿಯಲ್ಲಿ ಧರ್ಮ, ಮೂಲವಂಶ ಮುಂತಾದುವುಗಳ ಹಿಂದೆ ‘ಅವನ’ ಎಂಬರ್ಥದ ಸರ್ವನಾಮವೊಂದು ಸೇರಿತು. ಈ ‘ಅವನು’ ಯಾರು? ಅಭ್ಯರ್ಥಿಯೇ, ಮತದಾರನೇ? ೨೦೧೭ನೆಯ ಜನವರಿ ೨ರಂದು ಏಳು ಮಂದಿ ನ್ಯಾಯಾಧೀಶರ ಪೀಠವು ಅಭಿರಾಮ ಸಿಂಹರ ಮೊಕದ್ದಮೆಯಲ್ಲಿ ಇದನ್ನು ತೀರ್ಮಾನಿಸಿತು. ಆ ಸರ್ವನಾಮವು ಅಭ್ಯರ್ಥಿಗೂ ಅವನ ಏಜೆಂಟನಿಗೂ ಮತದಾರನಿಗೂ ಅನ್ವಯಿಸುವುದೆಂದು ನಾಲ್ವರು ಹೇಳಿದರು. ಮತದಾರನಿಗೆ ಅದು ಅನ್ವಯಿಸದೆಂದೂ, ಹುಟ್ಟಿನ ಕಾರಣದಿಂದ ಅನ್ಯಾಯಕ್ಕೆ ಒಳಗಾದವರು ಆ ಅನ್ಯಾಯವನ್ನು ಚುನಾವಣೆಯಲ್ಲಿ ಚರ್ಚಿಸದಂತೆ ಬಾಯಿ ಕಟ್ಟಕೂಡದೆಂದೂ ಮೂವರು ಭಿನ್ನಮತವನ್ನು ಬರೆದರು. ಬಹುಮತದ ತೀರ್ಪು ಕಾನೂನಾಯಿತು. ಆದರೂ ಗಡಿನಾಡಿನ ದೃಷ್ಟಿಯಿಂದ ನೋಡುವವರು ಭಿನ್ನಮತದ ಕಳಕಳಿಯನ್ನು ಅಲ್ಲಗಳೆಯಲಾರರು. ಅಲ್ಪಸಂಖ್ಯೆಯ ಭಾಷಿಕರಿಗೆ ತಮ್ಮ ಕಷ್ಟವನ್ನು ಹೇಳಿಕೊಳ್ಳಲು ಚುನಾವಣೆಗಿಂತ ದೊಡ್ಡ ವೇದಿಕೆಯಿಲ್ಲ.

೭

ಉಳಿದ ಕಥೆಯನ್ನು ಸಂಕ್ಷೇಪವಾಗಿ ಹೇಳಿ ಮುಗಿಸುವೆವು. ೨೦೧೯ನೆಯ ಅಕ್ಟೋಬರ್ ೨೧ರ ಉಪಚುನಾವಣೆಯಲ್ಲಿ ಲೀಗಿನ ಎಂ. ಸಿ. ಖಮರುದ್ದೀನ್ ಅವರು ೬೫,೪೦೭ ಮತಗಳನ್ನೂ, ಜನತಾ ಪಕ್ಷದ ರವೀಶ ತಂತ್ರಿ ಕುಂಟಾರು ಅವರು ೫೭,೪೮೪ ಮತಗಳನ್ನೂ, ಮಾರ್ಕ್ಸ್‌ವಾದಿ ಪಕ್ಷದ ಎಂ. ಶಂಕರ ರೈ ಅವರು ೩೮,೨೩೩ ಮತಗಳನ್ನೂ ಪಡೆದರು. ಕನ್ನಡ ನಾಡಿನ ಹೆಸರುಗಳುಳ್ಳ ಇಬ್ಬರು ಅಭ್ಯರ್ಥಿಗಳು ಕಣದಲ್ಲಿದ್ದಾಗ ಅಂತರವು ೮೯ರಿಂದ ೭,೯೨೩ಕ್ಕೆ ಏರಿತು. ಭಾಷೆಯ ಹೆಸರು ಮಾತ್ರದಿಂದ ಗೆಲುವು ದೊರೆಯುವ ಕಾಲವು ಕಳೆದಿತ್ತು. ೨೦೨೧ರಲ್ಲಿ ಸುರೇಂದ್ರನ್ ಅವರು ಮತ್ತೆ ನಿಂತರು. ಲೀಗಿನ ಎ. ಕೆ. ಎಂ. ಅಶ್ರಫ್ ಅವರಿಗೆ ೬೫,೭೫೮, ಸುರೇಂದ್ರನ್ ಅವರಿಗೆ ೬೫,೦೧೩, ಮಾರ್ಕ್ಸ್‌ವಾದಿ ಪಕ್ಷದ ವಿ. ವಿ. ರಮೇಶನ್ ಅವರಿಗೆ ೪೦,೬೩೯ ಮತಗಳು ಬಂದವು; ಅಂತರವು ೭೪೫. ೨೦೧೬ಕ್ಕೆ ಹೋಲಿಸಿದರೆ ಲೀಗಿಗೆ ೮,೮೮೮, ಜನತಾ ಪಕ್ಷಕ್ಕೆ ೮,೨೩೨ ಮತಗಳು ಹೆಚ್ಚಿದವು, ಮೂರನೆಯ ಪಕ್ಷಕ್ಕೆ ೧,೯೨೬ ಕಡಿಮೆಯಾದವು. ಅಂತರವು ಸಣ್ಣದಾಗಿರುವಷ್ಟು ಕಾಲ ಎರಡು ಬಣಗಳೂ ಸರಿಸಮವಾಗಿ ಬೆಳೆಯುವುದೂ, ನಡುವೆ ನಿಂತವರ ಸಂಖ್ಯೆ ಕುಗ್ಗುವುದೂ ಈ ಅಂಕಿಗಳಿಂದ ತಿಳಿಯುತ್ತದೆ. ಪ್ರತಿಯೊಂದು ಮತಕ್ಕೂ ಬೆಲೆ ಬಂದಾಗ ಜನರು ವಿಚಾರವಂತರಾಗುವರೆಂಬ ನಂಬಿಕೆಯುಂಟು. ಮಂಜೇಶ್ವರದ ಅನುಭವವು ಅದಕ್ಕೆ ಪೂರ್ತಿಯಾಗಿ ಒತ್ತಾಸೆ ಕೊಡುವುದಿಲ್ಲ.

ಹಾಗೆಂದು ನಿರಾಶರಾಗುವ ಕಾರಣವೂ ಇಲ್ಲ. ೨೦೨೧ನೆಯ ಮೇ ತಿಂಗಳಲ್ಲಿ ತಿರುವನಂತಪುರದ ಸಭೆಯಲ್ಲಿ ಪ್ರಮಾಣವಚನವನ್ನು ಸ್ವೀಕರಿಸುವಾಗ ಅಶ್ರಫ್ ಅವರು ಕನ್ನಡದಲ್ಲಿ ಸ್ವೀಕರಿಸಿದರು. ಹುಟ್ಟಿನ ಗಣಿತವನ್ನು ಹಾಕುವವರು ಕನ್ನಡದ ಪಕ್ಷವೆಂದು ಎಂದೂ ಎಣಿಸದ ಪಕ್ಷದವರ ಬಾಯಿಂದ ಕನ್ನಡವು ಆ ಸಭೆಯಲ್ಲಿ ಕೇಳಿಬಂದಿತು. ಇದರ ಬೆಲೆಯನ್ನು ಹೆಚ್ಚಿಸಿ ಹೇಳಬಾರದು. ಒಂದು ನಿಮಿಷದ ಪ್ರಮಾಣವಚನದಿಂದ ಒಂದು ಕನ್ನಡ ಶಾಲೆಗೂ ಉಪಾಧ್ಯಾಯರು ಬರುವುದಿಲ್ಲ. ೧೯೫೭ರಲ್ಲಿ ಕನ್ನಡವು ಒಬ್ಬನನ್ನು ಎದುರಾಳಿಯಿಲ್ಲದೆ ಗೆಲ್ಲಿಸಿತು. ೨೦೨೧ರಲ್ಲಿ ಅದು ಯಾರನ್ನೂ ಗೆಲ್ಲಿಸಲಾರದೆ, ಗೆದ್ದವರಿಂದ ಗೌರವವನ್ನು ಮಾತ್ರ ಪಡೆಯಿತು. ಬಲವು ಹೋಗಿ ಮಾನವು ಉಳಿಯಿತೆಂದು ಇದನ್ನು ಅರ್ಥಮಾಡುವವರು ಇರಬಹುದು.

ನಮ್ಮ ಅಭಿಪ್ರಾಯವು ಸ್ವಲ್ಪ ಬೇರೆ. ಗೋವಿಂದ ಪೈಗಳಿಗೂ ಕಿಞ್ಞಣ್ಣ ರೈಗಳಿಗೂ ಕನ್ನಡವು ಹುಟ್ಟಿನ ಸ್ವತ್ತಾಗಿರದೆ ಒಲವಿನ ಸ್ವತ್ತಾಗಿದ್ದಂತೆಯೇ, ಈ ಸದಸ್ಯರಿಗೂ ಅದು ಮುಚ್ಚಿದ ಬಾಗಿಲಾಗಿರಲಿಲ್ಲ. ಗಡಿನಾಡಿನಲ್ಲಿ ಕನ್ನಡವನ್ನು ಒಂದು ಸಮುದಾಯದ ಗುರುತನ್ನಾಗಿ ಮಾಡಿದರೆ ಮಿಕ್ಕ ಸಮುದಾಯಗಳೆಲ್ಲ ಅದರ ಎದುರಾಳಿಗಳಾಗುವವು. ಆಗ ಅದರ ಭವಿಷ್ಯವು ಪ್ರತಿ ಐದು ವರ್ಷಕ್ಕೊಮ್ಮೆ ೮೯ ಮತಗಳ ಮೇಲೆ ತೂಗಾಡಬೇಕಾದೀತು. ಅದನ್ನು ಯಾರಾದರೂ ಸೇರಬಹುದಾದ ಅಭಿಪ್ರಾಯವಾಗಿ, ಎಲ್ಲ ಪಕ್ಷಗಳಿಂದಲೂ ಸಮನಾಗಿ ಕೇಳಬಹುದಾದ ಹಕ್ಕಾಗಿ ಇಟ್ಟುಕೊಂಡರೆ, ಗೆದ್ದವರು ಯಾರಾದರೂ ಅದಕ್ಕೆ ಉತ್ತರ ಹೇಳಬೇಕಾಗುವುದು. ಪ್ರಾಥಮಿಕ ತರಗತಿಗಳಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಸಂವಿಧಾನದ ೩೫೦-ಎ ವಿಧಿಯು ಕೊಟ್ಟಿರುವ ಭರವಸೆಯು ಪಕ್ಷವನ್ನು ನೋಡಿ ಕೊಟ್ಟದ್ದಲ್ಲ. ಮಂಜೇಶ್ವರದ ಮಗುವಿಗೆ ಪೀಠವನ್ನು ಅಲಂಕರಿಸಿದವರ ಧರ್ಮವು ಯಾವುದಾದರೇನು? ಅದರ ತರಗತಿಗೆ ಕನ್ನಡ ಬಲ್ಲ ಉಪಾಧ್ಯಾಯರೊಬ್ಬರು ಬಂದರೋ ಇಲ್ಲವೋ ಎಂಬುದನ್ನು ಕೇಳುವ ಹಕ್ಕು ೫೬,೮೭೦ ಮಂದಿಗೂ ೫೬,೭೮೧ ಮಂದಿಗೂ ೪೨,೫೬೫ ಮಂದಿಗೂ ಸಮನಾಗಿದೆ.